ಅಪ್‌ಡೇಟ್: ಅಕ್ವೇರಿಯಂ ಪಿಎಚ್ 8.4ರಿಂದ ಇಳಿಯಿತು

ಚಿತ್ರದುರ್ಗದ ನಮ್ಮ ಮನೆಯ ಅಕ್ವೇರಿಯಂನಲ್ಲಿ ಪಿಎಚ್ (ನೀರಿನ ಆಮ್ಲ-ಕ್ಷಾರ ಮಟ್ಟ) 8.4 ಬಿಟ್ಟು ಇಳೀತಿಲ್ಲ, ಟೆಟ್ರಾ ಮೀನುಗಳು ಮಂಕಾಗಿವೆ ಅಂತ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಮನಸಾರೆ ಧನ್ಯವಾದ. ಈಗ 7.4ರ ಆಸುಪಾಸು ನಿಂತಿದೆ, ಮೀನುಗಳ ಬಣ್ಣವೂ ಮರಳಿದೆ.

ತಳದ ಬಿಳಿ ಕಲ್ಲಿನ ಮೇಲೆ ನೀವು ಹೇಳಿದ ಹಾಗೆ ವಿನೆಗರ್ ಹನಿಸಿದೆ, ಬುಸಬುಸ ನೊರೆ ಬಂತು. ಅಮೃತಶಿಲೆ ಚೂರು! ಅದು ನಿಧಾನಕ್ಕೆ ಕರಗಿ ಪಿಎಚ್ ಏರಿಸುತ್ತೆ. ಎಲ್ಲ ತೆಗೆದು ಗ್ರಾನೈಟ್ ಜಲ್ಲಿ ತೊಳೆದು ಹಾಕಿದೆ.

ಆದರೆ ಮೂಲ ಇದ್ದದ್ದು ಬೋರ್ ನೀರಲ್ಲೇ. ಬಿಂದಿಗೆ ತಳದ ಬಿಳಿ ಪದರ ನೋಡಿದವರಿಗೆ ಇಲ್ಲಿನ ನೀರಿನ ಗಡಸುತನ ಹೇಳಬೇಕಿಲ್ಲ. ಕೆಎಚ್ (ನೀರಿನ ಕಾರ್ಬೊನೇಟ್ ಗಡಸುತನ) ಅಳೆದರೆ 14 ಡಿಗ್ರಿ. ಅಷ್ಟಿದ್ದಾಗ ಪಿಎಚ್ ಇಳಿಸುವ ದ್ರಾವಣ ಹಾಕಿದರೆ ಆಮ್ಲವನ್ನೆಲ್ಲ ಕಾರ್ಬೊನೇಟ್ ನುಂಗುತ್ತೆ, ಪಿಎಚ್ ಮತ್ತೆ ಮೇಲೇರುತ್ತೆ. ಆ ಏರಿಳಿತ ಮೀನಿಗೆ ಇನ್ನೂ ಅಪಾಯ. ಅದಕ್ಕೇ ಬಾಟಲಿ ಮುಟ್ಟಲಿಲ್ಲ. ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸುವಾಗ ಆರ್‌ಒ (ಲವಣ ಸೋಸಿ ತೆಗೆದ) ನೀರಿಗೆ ಸ್ವಲ್ಪ ಬೋರ್ ನೀರು ಬೆರೆಸಿ ಹಾಕುತ್ತಾ ಬಂದೆ. ಬರೀ ಆರ್‌ಒ ಬೇಡ, ಕೆಎಚ್ ಸೊನ್ನೆಯಾದರೆ ಪಿಎಚ್ ಒಮ್ಮೆಲೇ ಕುಸಿಯಬಹುದು. ಸದ್ಯ ಕೆಎಚ್ 5.

ಕಾಡುಬಾದಾಮಿ ಎಲೆಯನ್ನೂ ಹಾಕಿದ್ದೇನೆ. ನೀರಿಗೆ ಚಹಾ ಬಣ್ಣ ಬಂದಿದೆ, ಪಿಎಚ್ ಮಾತ್ರ ಅದರಿಂದ ಅಷ್ಟಾಗಿ ಇಳಿದಿಲ್ಲ.

ಗಪ್ಪಿ, ಮೋಲಿ ಸಾಕುವವರಿಗೆ ಇಷ್ಟೆಲ್ಲ ಬೇಕಿಲ್ಲ. ಅವಕ್ಕೆ ನಮ್ಮ ಗಡಸು ನೀರೇ ಒಗ್ಗುತ್ತೆ.