ತಾಹೋಗೆ ಹೊರಟಿದ್ದೇವೆ, ಹಿಮಬಿರುಗಾಳಿಯ ಮುನ್ಸೂಚನೆ ಬಂದಿದೆ: ಅನುಭವವಿದ್ದವರು ತಿಳಿಸಿ

ಸನ್ನಿವೇಲ್ ಹೊಸಬ: ಬರುವ ಶುಕ್ರವಾರ ಮಧ್ಯಾಹ್ನ ಊರಿನಿಂದ ಬಂದಿರುವ ಅಪ್ಪ, ಅಮ್ಮ ಮತ್ತು ನಾಲ್ಕು ವರ್ಷದ ಮಗಳೊಂದಿಗೆ ಕ್ಯಾಲಿಫೋರ್ನಿಯಾದ ತಾಹೋ ಸರೋವರದ ದಡದಲ್ಲಿರುವ ಸೌತ್ ಲೇಕ್ ತಾಹೋಗೆ ಹೊರಡುವವರಿದ್ದೇವೆ. ದಾರಿಯ ಸಿಯೆರಾ ನೆವಾಡಾ ಬೆಟ್ಟಸಾಲಿಗೆ ಇಂದು ವಿಂಟರ್ ಸ್ಟಾರ್ಮ್ ವಾಚ್ (ಹಿಮಬಿರುಗಾಳಿ ಬರಬಹುದೆಂಬ ಸೂಚನೆ) ಪ್ರಕಟವಾಗಿದ್ದು, 5,000 ಅಡಿಗಿಂತ ಮೇಲೆ 2ರಿಂದ 4 ಅಡಿ ಹಿಮ ಬೀಳಬಹುದೆಂದು ಹೇಳಿದೆ. ನಮ್ಮದು ಫ್ರಂಟ್ ವೀಲ್ ಡ್ರೈವ್ ಸೆಡಾನ್. ಬಾಡಿಗೆ ಮನೆಗೆ ಕಟ್ಟಿದ ಹಣ ಹಿಂದಿರುಗುವುದಿಲ್ಲ. ಹೋಗಬಹುದೇ?

ಫ್ರೀಮಾಂಟ್ ಹಳಬ: 2024ರ ಮಾರ್ಚ್ 1ರಂದು ನಾನೂ ಇದನ್ನೇ ಕೇಳಿಕೊಂಡಿದ್ದೆ. ಬ್ಲಿಜರ್ಡ್ ವಾರ್ನಿಂಗ್ (ತೀವ್ರ ಹಿಮಬಿರುಗಾಳಿಯ ಎಚ್ಚರಿಕೆ) ಎರಡು ದಿನ ಮೊದಲೇ ಕಣ್ಣೆದುರಿಗಿದ್ದರೂ, ಆಗುಂಬೆ ಘಾಟಿಯಲ್ಲಿ ಸುರಿಯುವ ಮಳೆಯಲ್ಲಿ ಗಾಡಿ ಓಡಿಸಿದವನಿಗೆ ಇದ್ಯಾವ ಲೆಕ್ಕ ಎಂಬ ಜಂಬದಿಂದ ಹೊರಟೆ. ಇಂಟರ್‌ಸ್ಟೇಟ್ 80 ಹೆದ್ದಾರಿಯ ನ್ಯಾಕ್ ಬಳಿ, ಹಿಮದಲ್ಲಿ ಜಾರದಂತೆ ಚಕ್ರಗಳಿಗೆ ಚೈನ್ ಹಾಕಿಸಿಕೊಂಡ ಮೇಲೆ ಎರಡು ಗಂಟೆಯಲ್ಲಿ ಮೂರು ಮೈಲಿ ಸಾಗಿದೆವು. ಅಲ್ಲಿಂದ ಹಿಂದೆ ತಿರುಗಿಸಿದರು. ಆ ಸಂಜೆ ಇಂಟರ್‌ಸ್ಟೇಟ್ 80 ಮುಚ್ಚಿತು, ವಾರಾಂತ್ಯವೆಲ್ಲ ಮುಚ್ಚಿಯೇ ಇತ್ತು. ಲೆಕ್ಕ ಇಂದಿಗೂ ಬಾಯಿಪಾಠವಾಗಿದೆ: ಮೂರು ರಾತ್ರಿಯ ಮನೆ ಬಾಡಿಗೆ 1,140 ಡಾಲರ್, ಚೈನಿಗೆ 118, ಹಾಕಿಸಲು 40, ಆಬರ್ನ್‌ನಲ್ಲಿ ಸಿಕ್ಕ ಹಳೆಯ ಮೋಟೆಲಿಗೆ 219. ಒಟ್ಟು 1,517 ಡಾಲರ್ ತೆತ್ತು, ತಾಹೋ ಸರೋವರದ ಒಂದು ಹನಿಯನ್ನೂ ನೋಡದೆ ಮನೆಗೆ ಬಂದೆವು.

ಫಾಲ್ಸಮ್ ನಿವಾಸಿ: 80ರ ಮೇಲೆ ಹೋದದ್ದೇ ತಪ್ಪು. ಹನ್ನೊಂದು ಚಳಿಗಾಲಗಳಿಂದ ನಾನು ತಾಹೋಗೆ ಹೋಗುವ ಇನ್ನೊಂದು ದಾರಿ ಹೈವೇ 50ರಲ್ಲಿ ಓಡಾಡುತ್ತಿದ್ದು, ಒಮ್ಮೆಯೂ ಅರ್ಧದಾರಿಯಿಂದ ಹಿಂದಿರುಗಿಲ್ಲ. ಮುನ್ಸೂಚನೆಯಲ್ಲಿ ಎಲ್ಲರೂ ಎಷ್ಟು ಅಡಿ ಹಿಮವೆಂದು ನೋಡುತ್ತಾರೆ. ನಾನು ಮೊದಲು ನೋಡುವುದು ಸ್ನೋ ಲೆವೆಲ್ (ಯಾವ ಎತ್ತರದಿಂದ ಮೇಲೆ ಮಳೆಯ ಬದಲು ಹಿಮ ಬೀಳುತ್ತದೆ ಎಂಬುದು) ಎಷ್ಟು, ಅದು ಯಾವ ಗಂಟೆಗೆ ಕೆಳಗಿಳಿಯುತ್ತದೆ ಎಂಬುದನ್ನು. ಪಶ್ಚಿಮದ ಇಳಿಜಾರಿಗೆ ಹವಾಮಾನ ಸೇವೆಯ ಸ್ಯಾಕ್ರಮೆಂಟೊ ಕಚೇರಿ, ಸರೋವರದ ಕಡೆಗೆ ರೀನೋ ಕಚೇರಿ ಬೇರೆ ಬೇರೆಯಾಗಿ ಬರೆಯುತ್ತವೆ. ನೀವು ಉಳಿಯುವ ಊರಿನದನ್ನು ಮಾತ್ರ ಓದಿ, ಹತ್ತಬೇಕಾದ ಘಟ್ಟದ್ದನ್ನು ಬಿಟ್ಟರೆ ಪ್ರಯೋಜನವಿಲ್ಲ.

ಫ್ರೀಮಾಂಟ್ ಹಳಬ: ಫಾಲ್ಸಮ್‌ನವರೇ, ನಿಮ್ಮ 50 ದಾಟುವ ಎಕೋ ಸಮ್ಮಿಟ್ 7,382 ಅಡಿ ಎತ್ತರದಲ್ಲಿದೆ, 80ರ ಡಾನರ್ ಸಮ್ಮಿಟ್ 7,239 ಅಡಿ. ಎತ್ತರದ, ಕಿರಿದಾದ, ಪ್ರಪಾತದ ಅಂಚಿನ ದಾರಿ ಸುರಕ್ಷಿತ ಹೇಗಾಗುತ್ತದೆ? ಹಿಮಕುಸಿತ ತಡೆಯಲು ಸ್ಫೋಟಿಸುವಾಗ ಅಲ್ಲಿ ಗಾಡಿಗಳನ್ನು ಸಾಲಾಗಿ ನಿಲ್ಲಿಸುವುದನ್ನೂ ಹೇಳಿಬಿಡಿ. 2021ರ ಡಿಸೆಂಬರ್ ಕೊನೆಯಲ್ಲಿ ಎರಡೂ ರಸ್ತೆಗಳು ಮುಚ್ಚಿದ್ದವು. ಡಾನರ್ ಬಳಿಯ ಹಿಮ ಪ್ರಯೋಗಾಲಯದಲ್ಲಿ ಆ ಒಂದೇ ತಿಂಗಳು 16 ಅಡಿಗೂ ಮೀರಿ ಹಿಮ ದಾಖಲಾಗಿತ್ತು.

ಫಾಲ್ಸಮ್ ನಿವಾಸಿ: ಮುಚ್ಚಿದ್ದ ದಿನ ನಾನು ಮನೆಯಲ್ಲಿದ್ದೆ ಸ್ವಾಮಿ. ಅದಕ್ಕೇ ಹಿಂದಿರುಗುವ ಪ್ರಸಂಗ ಬರಲಿಲ್ಲ.

ಡಬ್ಲಿನ್ ಅಮ್ಮ: ನನ್ನ ಕಥೆ ತಿರುಗಾಮುರುಗಾ. ಕಳೆದ ವರ್ಷ ಇಂಥದೇ ವಾಚ್ ನೋಡಿ ಹೆದರಿ, 860 ಡಾಲರ್ ಕಳೆದುಕೊಂಡು ಪ್ರವಾಸ ಕೈಬಿಟ್ಟೆವು. ಮಕ್ಕಳು ಮೂರು ದಿನ ಮುಖ ಊದಿಸಿಕೊಂಡಿದ್ದರು. ಪೆಸಿಫಿಕ್ಕಿನಿಂದ ಬಂದದ್ದು ಬೆಚ್ಚನೆಯ ತೇವದ ಗಾಳಿ. ಸರೋವರದ ದಡದಲ್ಲಿ ಬರೀ ಮಳೆ ಸುರಿಯಿತಂತೆ. ನಮ್ಮ ಜೊತೆ ಹೊರಟಿದ್ದ ಕುಟುಂಬ ಧೈರ್ಯ ಮಾಡಿ ಹೋಗಿ, ಕೊಡೆ ಹಿಡಿದು ನಗುವ ಫೋಟೋಗಳನ್ನು ಕಳುಹಿಸಿತು. ಅಂದಿನಿಂದ ನನಗೆ ಈ ಮುನ್ಸೂಚನೆಗಳ ಮೇಲೆ ನಂಬಿಕೆಯಿಲ್ಲ.

ಫಾಲ್ಸಮ್ ನಿವಾಸಿ: ಸರೋವರವಿರುವುದು 6,225 ಅಡಿಯಲ್ಲಿ. ಸ್ನೋ ಲೆವೆಲ್ 7,000 ಅಡಿಗೆ ಏರಿದರೆ ಅಲ್ಲಿ ಮಳೆ, ಮೇಲೆ ಘಟ್ಟದಲ್ಲಿ ಹಿಮ. ಮುನ್ಸೂಚನೆ ತಪ್ಪಿರಲಿಕ್ಕಿಲ್ಲ ಮೇಡಂ, ಓದಿದ್ದು ತಪ್ಪಿರಬಹುದು.

ಡಬ್ಲಿನ್ ಅಮ್ಮ: ನಿಮ್ಮ ಜೇಬಿನಿಂದ 860 ಡಾಲರ್ ಹೋಗಿದ್ದರೆ ಪಾಠ ಹೇಳುವ ಉತ್ಸಾಹ ಇಷ್ಟಿರುತ್ತಿರಲಿಲ್ಲ.

ಸ್ಯಾನ್ ರಮೋನ್ ಸಾರಥಿ: ಇಷ್ಟೆಲ್ಲ ಚರ್ಚೆ ಏಕೆ? ಹೋದ ವರ್ಷ 41,000 ಡಾಲರ್ ಕೊಟ್ಟು ಆಲ್ ವೀಲ್ ಡ್ರೈವ್ ಕೊಂಡೆ. ಆರ್2 (ಚೈನ್ ನಿಯಮದ ಎರಡನೆಯ ಹಂತ) ಘೋಷಿಸಿದ್ದಾಗ ಚೈನ್ ಹಾಕದೆಯೇ 50ರಲ್ಲಿ ಘಟ್ಟದಾಚೆಯ ಮೇಯರ್ಸ್ ತನಕ ಹೋದೆ. ತಪಾಸಣೆಯವರು ಕೈಬೀಸಿ ಬಿಟ್ಟರು.

ಫ್ರೀಮಾಂಟ್ ಹಳಬ: ಆರ್2ರಲ್ಲಿ ನಿಮ್ಮಂಥವರಿಗೂ ನಾಲ್ಕೂ ಚಕ್ರಕ್ಕೆ ಹಿಮದ ಟೈರ್ ಇರಬೇಕು, ಡಿಕ್ಕಿಯಲ್ಲಿ ಚೈನ್ ಇರಬೇಕು. ಆರ್3 ಬಂದರೆ ಯಾರಿಗೂ ವಿನಾಯಿತಿಯಿಲ್ಲ. ನಾಲ್ಕೂ ಚಕ್ರಗಳಿಗೆ ಬಲ ಬಂದರೆ ಗಾಡಿ ಹೊರಡುತ್ತದೆ, ಆದರೆ ಮಂಜುಗಡ್ಡೆಯ ಮೇಲೆ ಬ್ರೇಕ್ ಒತ್ತಿದರೆ ನಿಲ್ಲುವುದಿಲ್ಲ. 80ರ ಕಿಂಗ್‌ವೇಲ್ ಬಳಿ ಅಡ್ಡ ತಿರುಗಿ ನಿಂತಿದ್ದ ಗಾಡಿಗಳ ಹಿಂದೆ ‘ಆಲ್ ವೀಲ್ ಡ್ರೈವ್’ ಎಂದು ಬರೆದಿದ್ದುದನ್ನು ನಾನು ಓದಿದ್ದೇನೆ.

ಸ್ಯಾನ್ ರಮೋನ್ ಸಾರಥಿ: ಗಾಡಿ ಅಡ್ಡ ತಿರುಗುವುದು ಓಡಿಸುವವರ ಕೈಯಿಂದ. ನನ್ನದು ತಿರುಗಲಿಲ್ಲ.

ಸನ್ನಿವೇಲ್ ಹೊಸಬ: ಎಲ್ಲರಿಗೂ ವಂದನೆಗಳು. ಈಗಷ್ಟೇ ವಾಚ್ ಹೋಗಿ ವಾರ್ನಿಂಗ್ (ಬಿರುಗಾಳಿ ಬಹುತೇಕ ಖಚಿತವೆಂಬ ಎಚ್ಚರಿಕೆ) ಆಗಿದೆ; ಶುಕ್ರವಾರ ರಾತ್ರಿ ಹತ್ತಕ್ಕೆ ಸ್ನೋ ಲೆವೆಲ್ 3,500 ಅಡಿಗೆ ಇಳಿಯುವುದೆಂದು ಬರೆದಿದ್ದಾರೆ. ಗುರುವಾರ ನಸುಕಿನಲ್ಲೇ ಹೊರಟು, ಒಂದು ರಾತ್ರಿ ಹೆಚ್ಚು ಉಳಿಯುವ ಯೋಚನೆಯಿದೆ. ಅಂಗಡಿಗಳಲ್ಲಿ ನನ್ನ ಟೈರಿನ ಅಳತೆಯ ಚೈನ್ ಖಾಲಿಯಾಗಿದೆ. 215/55, 17 ಇಂಚು.

ಫ್ರೀಮಾಂಟ್ ಹಳಬ: ಅದೇ ಅಳತೆಯದು ನನ್ನ ಗ್ಯಾರೇಜಿನಲ್ಲಿದೆ. ಮೂರು ಮೈಲಿ ಓಡಿದ್ದು. ಬುಧವಾರ ಸಂಜೆ ಬಂದು ಒಯ್ಯಿರಿ, ಆದರೆ ನನ್ನ ಮನೆಯ ಮುಂದೆಯೇ ಎರಡು ಸಲ ಹಾಕಿ ಬಿಚ್ಚಿ ತೋರಿಸಿದ ಮೇಲೆಯೇ ಕೊಡುತ್ತೇನೆ.