ಸಮಸ್ಯಾಪೂರಣ: ತಿಂಗಳ್ ರಾಹುವನೆ ನುಂಗಿತಚ್ಚರಿಯಲ್ತೇ

ಗೆಳೆಯರೇ, ಈ ಸಲದ ಸಮಸ್ಯೆ ಕಂದಪದ್ಯದ ಕೊನೆಯ ಸಾಲು; ಅದಕ್ಕೆ ಹೊಂದುವಂತೆ ಮೊದಲ ಮೂರು ಸಾಲು ಬರೆಯುವುದೇ ಪೂರಣ. ರಾಹು ಚಂದ್ರನನ್ನು ನುಂಗುವುದು ಎಲ್ಲರಿಗೂ ಗೊತ್ತಿರುವ ಕತೆ. ಇಲ್ಲಿ ಚಂದ್ರನೇ ರಾಹುವನ್ನು ನುಂಗಬೇಕು. ಪ್ರಾಸಾಕ್ಷರ, ಅಂದರೆ ಪ್ರತಿ ಸಾಲಿನ ಎರಡನೆಯ ಅಕ್ಷರ, ಬಿಂದುಪೂರ್ವಕ ಗಕಾರ (‘ತಿಂಗಳ್’ನಲ್ಲಿರುವಂತೆ ಸೊನ್ನೆಯ ನಂತರದ ಗ).

ಪೂರಣ 1

ಇಂಗಿರೆ ಬೆಳಕಿನಿತಿನಿತಾ
ಕಂಗೊಳಿಸುವ ನೇಸರನ್ನೆ ತಿಂಗಳೆ ಮುಚ್ಚಲ್
ಪಿಂಗಿತು ನುಂಗುವ ಹಳಗತೆ
ತಿಂಗಳ್ ರಾಹುವನೆ ನುಂಗಿತಚ್ಚರಿಯಲ್ತೇ

ಸೂರ್ಯಗ್ರಹಣದಲ್ಲಿ ಅಡ್ಡ ಬರುವುದು ಚಂದ್ರನೇ ಎಂದು ಆರ್ಯಭಟ ಕ್ರಿ.ಶ. 499ರ ಹೊತ್ತಿಗೇ ಹೇಳಿದ್ದ. ರಾಹುವಿಗೆ ಅಲ್ಲಿ ಕೆಲಸವೇ ಉಳಿಯಲಿಲ್ಲ.

ಪೂರಣ 2

ಕಂಗಳನರಳಿಸಿ ಮುದ್ದೆಯ
ಹಿಂಗದ ಹಸಿವಿಂದೆ ಕೂಸು ಕಬಳಿಸೆ ಮೊಗಮೇ
ತಿಂಗಳು ಮುದ್ದೆಯೆ ರಾಹುವು
ತಿಂಗಳ್ ರಾಹುವನೆ ನುಂಗಿತಚ್ಚರಿಯಲ್ತೇ

ರಾಹುವಿಗೆ ಮುಂಡವಿಲ್ಲ, ತಲೆಯಷ್ಟೇ, ಬಣ್ಣ ಕಪ್ಪು. ರಾಗಿಮುದ್ದೆಗಿಂತ ಒಳ್ಳೆಯ ರಾಹು ನನಗೆ ಸಿಗಲಿಲ್ಲ.

ಪ್ರಶ್ನೆ: ಮೊದಲ ಪೂರಣದಲ್ಲಿ ಗಂಟಲಿನ ಸುದ್ದಿಯೇ ಇಲ್ಲವಲ್ಲ, ಅದನ್ನು ನುಂಗುವುದು ಎನ್ನಬಹುದೇ ಸರ್?

ಸಮಸ್ಯೆ ಕೊಟ್ಟವನ ಉತ್ತರ: ಖಂಡಿತ ಎನ್ನಬಹುದು. ಹೊಳೆ ಊರನ್ನು ನುಂಗುತ್ತದೆ, ಗುತ್ತಿಗೆದಾರ ಹಣ ನುಂಗುತ್ತಾನೆ, ಮಾತನಾಡುವವರು ಪದದ ಕೊನೆಯನ್ನು ನುಂಗುತ್ತಾರೆ, ಸೊಸೆ ಅವಮಾನ ನುಂಗಿಕೊಳ್ಳುತ್ತಾಳೆ. ಒಳಗೆ ಹೋದದ್ದು ಮತ್ತೆ ಕಣ್ಣಿಗೆ ಬೀಳದಿದ್ದರೆ ಕನ್ನಡಕ್ಕೆ ಅದು ನುಂಗಿದಂತೆಯೇ. ಈ ಲೆಕ್ಕದಲ್ಲಿ ನಿಜವಾಗಿ ನುಂಗಲಾರದವನು ರಾಹುವೇ! ಅಮೃತ ಕುಡಿಯುವಾಗಲೇ ಚಕ್ರ ಅವನ ಕೊರಳು ಕತ್ತರಿಸಿತು. ಹಿಡಿದ ಚಂದ್ರ ಗಂಟಲಾಚೆಗೆ ಹೊರಬಂದುಬಿಡುತ್ತಾನೆ. ಅವನದು ಬಾಯಿತುಂಬ ಹಿಡಿಯುವುದಷ್ಟೇ, ಕಬಳಿಸುವುದು. ಕಬಳವೆಂದರೆ ತುತ್ತು, ಅದು ಬಾಯಿಯ ಲೆಕ್ಕ. ಬಾಯಿಂದ ನುಂಗುವುದಕ್ಕಾದರೆ ಗಂಟಲೂ ಬೇಕು, ಹೊಟ್ಟೆಯೂ ಬೇಕು.

ಈ ಕಾರಣಕ್ಕೇ ಎರಡನೆಯ ಪೂರಣದಲ್ಲಿ ಒಂದು ತಿದ್ದುಪಡಿ ಬೇಡುತ್ತೇನೆ. ‘ಕಬಳಿಸೆ’ ತೆಗೆದು ‘ನುಂಗಿರೆ’ ಎಂದಿಡಿ. ಎರಡೂ ನಾಲ್ಕು ಮಾತ್ರೆ, ಗಣ ಕೆಡುವುದಿಲ್ಲ. ಹಳೆ ಮೈಸೂರಿನ ಕಡೆ ಮುದ್ದೆಯನ್ನು ಯಾರೂ ಅಗಿಯುವುದಿಲ್ಲ. ಮುರಿದು, ಸಾರಿನಲ್ಲಿ ಅದ್ದಿ, ಹಾಗೆಯೇ ನುಂಗುತ್ತಾರೆ. ಅಗಿದರೆ ಹಲ್ಲಿಗೆ ಅಂಟಿಕೊಳ್ಳುತ್ತದೆ. ನನ್ನ ಮೆಚ್ಚುಗೆ ಈ ಪದ್ಯಕ್ಕೇ ಹೆಚ್ಚು: ಮೊದಲನೆಯದು ಜಾಣತನದ್ದು, ಇದರಲ್ಲಿ ಕ್ರಿಯಾಪದ ತನ್ನ ಮನೆಯಲ್ಲೇ ಕುಳಿತಿದೆ.

ಪೂರಣ 2 ಬರೆದವರು: ಒಪ್ಪಿದೆ, ತಿದ್ದಿಕೊಂಡೆ. ಕೂಸು ಎಂಬಲ್ಲಿನ ಜಗಣ ಸರಿಯಿದೆಯೇ?

ಉತ್ತರ: ‘ದೆ ಕೂಸು’ ಲಘು, ಗುರು, ಲಘು. ಎರಡನೆಯ ಸಾಲಿನ ನಡುಗಣಕ್ಕೆ ಬೇಕಾದದ್ದೇ ಅದು. ‘ತಿಂಗಳ್’ ಎಂದರೆ ಮಾಸ ಎಂದು ಹಿಡಿದು ಯಾರಾದರೂ ಮೂರನೆಯ ಪೂರಣ ಬರೆಯಿರಿ; ಆ ದಾರಿ ಇನ್ನೂ ಖಾಲಿ ಇದೆ.