ಕುಕ್ಕರ್ ಟೈಪ್ ಆಟೋಕ್ಲೇವ್ ಸಾಕಾ, ಬಿ ಕ್ಲಾಸೇ ಬೇಕಾ? ಅನುಭವ ಇದ್ದವರು ಹೇಳಿ

ಯಾದಗಿರಿ ಹೊಸಬ: ಸ್ಟೇಷನ್ ರೋಡಿನಲ್ಲಿ ಒಂದೇ ಚೇರಿನ ಹಲ್ಲಿನ ಕ್ಲಿನಿಕ್ ಶುರು ಮಾಡುತ್ತಿದ್ದೇನೆ. ಉಪಕರಣಗಳನ್ನು ಹಬೆಯಲ್ಲಿ ಬೇಯಿಸಿ ಕ್ರಿಮಿ ಕೊಲ್ಲುವ ಆಟೋಕ್ಲೇವಿಗೆ 60 ಸಾವಿರ ಇಟ್ಟಿದ್ದೇನೆ. ದಿನಕ್ಕೆ ಹೆಚ್ಚೆಂದರೆ ಎಂಟು ಪೇಷಂಟ್. ಪ್ರೆಶರ್ ಕುಕ್ಕರಿನಂಥದ್ದೇ ಸಾಕಾ, ಸಾಲ ಮಾಡಿ ಬಿ ಕ್ಲಾಸ್ (ಮೊದಲು ಒಳಗಿನ ಗಾಳಿ ಎಳೆದು ಆಮೇಲೆ ಹಬೆ ಬಿಡುವ ಮೆಷಿನ್) ತರಲಾ?

ಸೇಡಂ ರೋಡ್, ಕಲಬುರಗಿ: ನನ್ನ ಕಥೆ ಕೇಳಿ. 2019ರಲ್ಲಿ 1 ಲಕ್ಷ 35 ಸಾವಿರ ಕೊಟ್ಟು 18 ಲೀಟರಿನ ಬಿ ಕ್ಲಾಸ್ ತಂದೆ. ಡಿಸ್ಟಿಲ್ಡ್ ವಾಟರೇ ಹಾಕು ಅಂತ ಹುಡುಗನಿಗೆ ಹೇಳಿದ್ದೆ. ಕ್ಯಾನ್ ಖಾಲಿಯಾಯಿತು, ಅವನು ಬೋರ್ ನೀರು ಸುರಿದ. ಒಂದು ದಿನ ಅಲ್ಲ, ಮೂರು ವಾರ! ನಮ್ಮದು ಸುಣ್ಣದ ಕಲ್ಲಿನ ನೆಲ, ನೀರು ಹೇಗಿರುತ್ತೆ ಗೊತ್ತಲ್ವಾ. ಟ್ರೇ ಮೇಲೆ ಬೆರಳಿಟ್ಟರೆ ವಿಭೂತಿ ಹಚ್ಚಿದ ಹಾಗೆ ಬಿಳಿ ಪುಡಿ ಅಂಟುತ್ತಿತ್ತು. ವಾಲ್ವ್ ಕಟ್ಟಿಕೊಂಡಿತು. ಹೈದರಾಬಾದಿನಿಂದ ಮೆಕ್ಯಾನಿಕ್ ಬಂದು ಹೋಗಲು 4,200, ವಾಲ್ವಿಗೆ 6,800, ಬಾಗಿಲ ರಬ್ಬರಿಗೆ 2,100. ಅವನ ಊಟ ಬೇರೆ. ಹನ್ನೊಂದು ದಿನ ಪಕ್ಕದ ಕ್ಲಿನಿಕ್ಕಿಗೆ ಡಬ್ಬ ಹೊತ್ತೆ. ಆದರೂ ಬಿ ಕ್ಲಾಸೇ ತಗೊಳ್ಳಿ.

ಬೀದರ್ ಹಳಬ: 22 ವರ್ಷ ಕುಕ್ಕರ್ ಟೈಪಲ್ಲೇ ನಡೆಸಿದ್ದೇನೆ. 121 ಡಿಗ್ರಿ, 15 ಪೌಂಡ್ ಒತ್ತಡ, 20 ನಿಮಿಷ. ಉಪಕರಣ ಹಾಕಿಡುವ ಪೌಚ್ ಮೇಲಿನ ಗುರುತು ಕಪ್ಪಾಯಿತು, ಮುಗೀತು. ಕರೆಂಟ್ ಹೋದರೆ ಗ್ಯಾಸ್ ಮೇಲೆ ಇಡ್ತೀನಿ. ನಿಮ್ಮ ಲಕ್ಷದ ಮೆಷಿನ್ ಇಡಕ್ಕಾಗುತ್ತಾ?

ಸೇಡಂ ರೋಡ್, ಕಲಬುರಗಿ: ಕಪ್ಪಾದರೆ ಬಿಸಿ ತಾಗಿದೆ ಅಂತ ಅಷ್ಟೇ ಸರ್, ಕ್ರಿಮಿ ಸತ್ತಿದೆ ಅಂತಲ್ಲ. ಗಟ್ಟಿ ಕ್ರಿಮಿಯ ಬೀಜಾಣು ಒಳಗಿಟ್ಟು ಸಾಯುತ್ತಾ ನೋಡುವ ಸ್ಪೋರ್ ಟೆಸ್ಟ್ ಯಾವತ್ತಾದರೂ ಮಾಡಿದ್ದೀರಾ? ಹಲ್ಲು ಕೊರೆಯುವ ಹ್ಯಾಂಡ್‌ಪೀಸ್ ಒಳಗೆ ಟೊಳ್ಳು. ವ್ಯಾಕ್ಯೂಮ್ ಇಲ್ಲದಿದ್ದರೆ ಗಾಳಿ ಅಲ್ಲೇ ಕೂತಿರುತ್ತೆ, ಹಬೆ ಪೂರ್ತಿ ಒಳಗೆ ಹೋಗಲ್ಲ. ಪೌಚಿಗೂ ಇದೇ ಪಾಡು.

ಬೀದರ್ ಹಳಬ: ಹ್ಯಾಂಡ್‌ಪೀಸ್ ಸ್ಪಿರಿಟ್‌ನಲ್ಲಿ ಒರೆಸ್ತೀನಿ. ಮೊದಲು ದಿನಾ ಬೇಯಿಸಿ ಒಂದೇ ವರ್ಷಕ್ಕೆ ಒಳಗಿನ ತಿರುಗೋ ಭಾಗ, ಮೂರು ಕಾರ್ಟ್ರಿಜ್ ಹೋದವು. ಒಂದೊಂದಕ್ಕೆ 1,900. ನೀವು ಕೊಡ್ತೀರಾ?

ಶಹಾಪುರದಾಕೆ: ಎಣ್ಣೆ ಹಾಕದೆ ಬೇಯಿಸಿದರೆ ಹೋಗೇ ಹೋಗುತ್ತೆ ಸರ್. ಸುಮ್ನೆ ಒರೆಸಿದರೆ ಹಿಂದಿನವರ ರಕ್ತ ಮುಂದಿನವರ ಬಾಯಿಗೆ. ನಾನು ಒಂಬತ್ತು ವರ್ಷದಿಂದ ಅಸಿಸ್ಟೆಂಟ್. ಜಗಳ ನಿಮ್ಮದು, ತೊಳೆಯೋರು ನಾವು. 2021ರಲ್ಲಿ ಸೂಜಿಗೆ ತಿರುಗಿ ಕ್ಯಾಪ್ ಹಾಕುವಾಗ ಹೆಬ್ಬೆರಳಿಗೆ ಚುಚ್ಚಿತು. ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸಿನಲ್ಲಿ ಒಂದೇ ಆಗಿತ್ತು. ಆರು ತಿಂಗಳು ರಕ್ತ ಪರೀಕ್ಷೆಗೆ ಓಡಾಡಿದೆ, ಬಸ್ ಚಾರ್ಜೂ ನನ್ನದೇ. ಲಕ್ಷದ ಮೆಷಿನ್ ತಂದವರು ತೊಳೆಯೋಕೆ ದಪ್ಪ ಗ್ಲೌಸ್ ತರಲಿಲ್ಲ.

ಬೀದರ್ ಹಳಬ: ನಮ್ಮ ಹುಡುಗಿಯರಿಗೆ ಮೂರೂ ಡೋಸ್ ಕೊಡಿಸಿದ್ದೇನೆ ತಾಯಿ, ಎಲ್ಲರನ್ನೂ ಸೇರಿಸಬೇಡಿ. ಇನ್ನು ಆ ಸುಣ್ಣದ ನೀರು ಕಲಬುರಗಿಯವರ ಕರ್ಮ. ನಮ್ಮದು ಕೆಂಪು ಕಲ್ಲಿನ ನೆಲ, ಸುರಂಗ ಬಾವಿಯ ಊರು.

ಸೇಡಂ ರೋಡ್, ಕಲಬುರಗಿ: ಸುರಂಗ ಬಾವಿ ನೀರನ್ನೇ ಪೇಷಂಟ್ ಬಾಯಿಗೆ ನೀರು ಬಿಡೋ ಚೇರಿನ ಪೈಪಿಗೂ ಬಿಡ್ತೀರೇನು? ಯಾವ ಊರಿನ ನೀರಾದರೂ ರಾತ್ರಿ ನಿಂತರೆ ಪೈಪಿನೊಳಗೆ ಲೋಳೆ ಕಟ್ಟುತ್ತೆ. ಬೆಳಿಗ್ಗೆ ಎರಡು ನಿಮಿಷ ನೀರು ಹರಿಸಿ ಬಿಡ್ತೀರಾ, ಅದೂ ಇಲ್ವಾ?

ಬೀದರ್ ಹಳಬ: ನೀವು ಮೊದಲು ನಿಮ್ಮ ಹುಡುಗನಿಗೆ ಕ್ಯಾನ್ ತಂದುಕೊಡಿ.

ಯಾದಗಿರಿ ಹೊಸಬ: ಅಕ್ಕಾ, ಆ ಗ್ಲೌಸ್ ಎಲ್ಲಿ ಸಿಗುತ್ತೆ?

ಶಹಾಪುರದಾಕೆ: ಗಂಜ್‌ನಲ್ಲಿ 120ಕ್ಕೆ ತಂದೆ. ತೊಳೆಯೋರ ಕೈ ಅಳತೆ ಕೇಳಿ ತನ್ನಿ ಸರ್, ನನಗೆ ದೊಡ್ಡದಾಯಿತು.